ಬೋರ್ಡು ಬರೆಯುವವನು ಹೇಳಿದ ದಾರಿ

ಹೊಸ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಹೆದ್ದಾರಿ ಹಿಡಿಯಿರಿ.
ಅಗೆದು ಹಾಕಿದ್ದಾರೆ, ಹಲಗೆ ದಾಟುವಾಗ ಕಾಲು ಜಾಗ್ರತೆ.
ಮೊದಲು ಸಿಗುವುದು ‘ಇಸ್ತಾಂಬುಲ್ ಪ್ಯಾಲೇಸ್’.
ನಾನು ಬರೆದದ್ದಲ್ಲ, ಫ್ಲೆಕ್ಸು.
ಒಲೆಯೆದುರು ನಿಂತ ಹುಡುಗನ ಊರು ಅಸ್ಸಾಮು,
ತಿರುಗುವ ಕೋಳಿಯನ್ನು ಕೆತ್ತುತ್ತ ಕೆತ್ತುತ್ತ
ತೂಕಡಿಸುತ್ತಾನೆ, ಪಾಪ.
ಟರ್ಕಿ ಇರುವುದು ಕೈ ತೊಳೆಯುವಲ್ಲಿನ ಪಟದಲ್ಲಿ ಮಾತ್ರ,
ಅದರಲ್ಲೂ ಒಂದು ಮಿನಾರು
ಸಾಬೂನು ಹಾರಿ ಹಾರಿ ಮಾಸಿದೆ.
ಮಯೊನೈಸು ಮಧ್ಯಾಹ್ನದ್ದು.
ದಾಟಿ ಹೋಗಿ ಮಾರಾಯ್ರೆ.

ನುಳ್ಳಿಪ್ಪಾಡಿಯಲ್ಲಿ, ಮದ್ದಿನ ಅಂಗಡಿಯ ಮಹಡಿ ಮೇಲೆ
ಬೇಳದ ಫೆಲ್ಸಿ ಕ್ರಾಸ್ತಾ ಇದ್ದಾಳೆ.
ಹದಿನಾಲ್ಕು ವರ್ಷ ಹಡಗಿನ ಹೊಟ್ಟೆಯೊಳಗೆ
ಬೆಂಕಿಯ ಮುಂದೆ ನಿಂತವಳು.
ಗ್ರೀಸಿನ ದ್ವೀಪಗಳ ಹೆಸರು ಕೇಳಿದರೆ
ಅಲ್ಲಲ್ಲಿ ಹತ್ತಿಸಿಕೊಂಡ ಟೊಮೆಟೊ ಪೆಟ್ಟಿಗೆ ಎಣಿಸುತ್ತಾಳೆ:
ಒಂದರದ್ದು ಹುಳಿ, ಒಂದರದ್ದು ಸಿಹಿ, ಒಂದರದ್ದು ಬರೀ ನೀರು.
ಮೇಲೆ ಹತ್ತಿ ಸಮುದ್ರ ನೋಡಿದ್ದು
ಒಟ್ಟು ಒಂಬತ್ತು ಸಲವಂತೆ.
ಅವಳ ಆಲಿವ್ ಕಾಯಿ ಬಾಯಿಗಿಟ್ಟರೆ
ಉಪ್ಪಿನ ಭರಣಿಯಲ್ಲಿ ಮರೆತ ಕರಂಡೆಕಾಯಿ,
ಹಲ್ಲು ಸ್ವಲ್ಪ ಹೊತ್ತು ಸಿಟ್ಟಾಗುತ್ತದೆ, ಆಮೇಲೆ ಇನ್ನೊಂದು ಕೇಳುತ್ತದೆ.
ಮೆನುವಿಗೆ ನಾನು ‘ಮೂಸಕ’ ಎಂದು ಬರೆದಿದ್ದೆ.
ಒಬ್ಬರು ಓದಿ, ಇಲಿಯಾ? ಎಂದು ಕೇಳಿ
ಎದ್ದೇ ಹೋದರು.
ಫೆಲ್ಸಿ ನಕ್ಕಳು, ಕೂಲಿಯಲ್ಲಿ ಹತ್ತು ರೂಪಾಯಿ ಹಿಡಿದಳು.
ಈಗ ಅಲ್ಲಿ ‘ಬದನೆ-ಕೈಮ, ಗ್ರೀಸಿನ ಕ್ರಮ’ ಎಂದುಂಟು.
ಭಾನುವಾರ ಪೂಜೆ ಬಿಟ್ಟ ಮೇಲೆ ಹೋಗಿ, ಬಿಸಿ ಸಿಗುತ್ತದೆ.

ಆದರೆ ಕೂತು ತಿನ್ನಬೇಕು ಎಂದಿದ್ದರೆ
ವಿದ್ಯಾನಗರಕ್ಕೆ ನಡೆಯಿರಿ, ಅಂದುಂಞಿಯ ಅಂಗಡಿಗೆ.
ಶಾರ್ಜಾದಲ್ಲಿ ಲೆಬನಾನಿನವನೊಬ್ಬನ ಕೈಕೆಳಗೆ
ಹದಿನೆಂಟು ವರ್ಷ ಕಡಲೆ ಅರೆದ ಮನುಷ್ಯ.
ಬೈರೂತಿಗೆ ಹೋಗಿದ್ದೀರಾ? ಕೇಳಿದೆ.
ಇಲ್ಲ, ಅಂದ. ಅದೇ ಬರುತ್ತಿತ್ತು,
ರಾತ್ರಿ ಅಂಗಡಿ ಮುಚ್ಚುವ ಹೊತ್ತಿಗೆ, ಧಣಿಯ ಫೋನಿಗೆ.
ಧಣಿ ಮಾತಾಡುತ್ತಿರಲಿಲ್ಲ, ಬರೀ ಕೇಳುತ್ತಿದ್ದ,
ನಾನು ಎಳ್ಳು ಹುರಿಯುತ್ತಿದ್ದೆ.

ನಮ್ಮಲ್ಲಿ ಎಳ್ಳೆಂದರೆ ಹೋದವರ ಪಾಲು.
ನಾನದನ್ನು ಹೇಳಲಿಲ್ಲ.

ಅವನ ಬೋರ್ಡಿನಲ್ಲಿ ಮಲಯಾಳ ಮೊಳದಷ್ಟು ಎತ್ತರ,
ಅದರಡಿ ಇಂಗ್ಲಿಷು, ಅಂಚಿಗೆ ಚಿನ್ನದ ಬಣ್ಣದಲ್ಲಿ ಅರಬ್ಬಿ.
‘ಕೆಳಗೆ ಜಾಗ ಉಳಿದರೆ ಕನ್ನಡವೂ ಇರಲಿ’ ಅಂದ.
ಉಳಿದದ್ದು ಒಂದು ಗೇಣು.
ಮೆಡಿಟರೇನಿಯನ್ ಅಂತ ಬರೆಯಹೋದರೆ
ಪಕ್ಕದ ಟೈಲರನ ಗೋಡೆಗೆ ದಾಟುತ್ತದೆ.
ಏಣಿಯ ಮೇಲೆ ಕುಂಚ ಒಣಗುತ್ತ ಬಂತು.
ಆಗ, ಎಲ್ಲಿಂದಲೋ, ಎಂಟನೇ ಕ್ಲಾಸಿನ ಗೋಡೆಯ ನಕ್ಷೆ,
ಮಾಸ್ಟ್ರ ಬೆತ್ತದ ತುದಿ ಒಂದು ನೀಲಿಯ ಮೇಲೆ:
ಭೂಮಧ್ಯ ಸಮುದ್ರ.
ಸುತ್ತ ನೆಲ, ನೆಲಕ್ಕೊಂದೊಂದು ಮಾತು,
ನಡುವೆ ನೀರು. ಬರಕೊಳ್ಳಿ, ಪರೀಕ್ಷೆಗೆ ಬರುತ್ತದೆ.
ನಲವತ್ತು ವರ್ಷ ಬರಲಿಲ್ಲ.
‘ಭೂಮಧ್ಯ’ ಎಂದಷ್ಟೇ ಬರೆದೆ. ಹಿಡಿಸಿತು.

ಇಳಿದಾಗ ಕೂಲಿಯ ಮೇಲೆ ಒಂದು ಬಟ್ಟಲು ಹಮ್ಮುಸ್ ಇಟ್ಟ,
ನಡುವೆ ಬೆರಳಲ್ಲಿ ಕೊರೆದ ಗುಳಿ, ಗುಳಿಯಲ್ಲಿ ಎಣ್ಣೆ.
ಅವನ ಭಾಷೆಯಲ್ಲಿ ಇದು ಕಡಲ, ಅಲೆ ಹೊಡೆಯುವುದು ಕಡಲ್.
ನನ್ನದರಲ್ಲಿ ಕಡಲೆ, ಕಡಲು.
ಬಾಯಿ ತುಂಬಿದ್ದಾಗ ಇಬ್ಬರೂ ಹೇಳಿ ನೋಡಿದೆವು,
ಯಾವುದು ಯಾವುದೆಂದು ಗೊತ್ತಾಗಲಿಲ್ಲ.
ಅಂದುಂಞಿಗೆ ನಗು ಗಂಟಲಿಗೆ ಹತ್ತಿ ನೀರು ಕುಡಿಸಬೇಕಾಯಿತು.

ಗುರುತು ಹೇಳುತ್ತೇನೆ:
‘ಧ್ಯ’ದ ಬಾಲ ಬರೆಯುವಾಗ ಏಣಿ ಜಾರಿ
ಬಣ್ಣ ಗೋಡೆಯಲ್ಲಿ ಕೆಳಗಿಳಿದು
ಬಾಗಿಲ ಚೌಕಟ್ಟಿನವರೆಗೆ ಬಂದಿದೆ.
ಒರೆಸುತ್ತೇನೆಂದೆ, ಅವನು ಬಿಡಲಿಲ್ಲ.
ಅದನ್ನೇ ಹಿಡಿದು ಒಳಗೆ ಹೋಗಿ.
ಶುಕ್ರವಾರ ಎರಡು ಗಂಟೆಯ ನಂತರ.